ಸಣ್ಣಕ್ಕನ ಮಡಿಲಕ್ಕಿ

ಮೊನ್ನೆ ಸೊಸೆಯ ಜೊತೆ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾರಿಗೋ ಹೊಂಗೆ ಎಣ್ಣೆ ಅಳೆದು ಕೊಡುತ್ತಿದ್ದ. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಮಾತ್ರ ಅಲ್ಲೇ ನಿಂತು, ಕಣ್ಣು ಮುಚ್ಚಿ, ಆ ಕಹಿ ವಾಸನೆಯನ್ನು ಹೊಟ್ಟೆ ತುಂಬ ಎಳೆದುಕೊಂಡೆ. "ಅತ್ತೆ, ತಲೆ ತಿರುಗ್ತಿದೆಯಾ?" ಎಂದು ಅವಳು ಗಾಬರಿಯಿಂದ ನನ್ನ ತೋಳು ಹಿಡಿದಳು. "ಇಲ್ಲಮ್ಮ, ನಾಯಿಗಳು ನೆನಪಾದವು" ಎಂದೆ. ಅವಳು ಅಂಗಡಿಯವನ ಮುಖ ನೋಡಿದಳು, ಅಂಗಡಿಯವನು ಅವಳ ಮುಖ ನೋಡಿದ. ಇಬ್ಬರಿಗೂ ಬಿಡಿಸಿ ಹೇಳುವಷ್ಟು ಉತ್ಸಾಹ ಆ ಬಿಸಿಲಲ್ಲಿ ನನಗಿರಲಿಲ್ಲ. ನೀವು ನೆರಳಲ್ಲಿ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ನನಗೆ ಹೊಂಗೆ ಎಣ್ಣೆಯ ವಾಸನೆ ಎಂದರೆ ಮಧ್ಯಾಹ್ನದ ನಿದ್ದೆ. ನಾನು ಹುಟ್ಟಾ ಸೋಮಾರಿ. ಈಗ ವಯಸ್ಸಾಯಿತು ಅನ್ನುವ ನೆಪವಾದರೂ ಇದೆ. ಚಿಕ್ಕವಳಿದ್ದಾಗ ಯಾವ ನೆಪವೂ ಇಲ್ಲದೆ ಮಲಗುತ್ತಿದ್ದೆ. ನಮ್ಮ ಕೊಟ್ಟಿಗೆಯ ಹಿಂದಿನ ಚಪ್ಪರದಲ್ಲಿ, ರಾಗಿ ಹುಲ್ಲಿನ ಮೇಲೆ, ಎಣ್ಣೆ ಹಚ್ಚಿಸಿಕೊಂಡು ಬಿದ್ದಿರುತ್ತಿದ್ದ ಸೀಮೆನಾಯಿಗಳ ನಡುವೆ. ಅವುಗಳ ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನ್ನ ಕಣ್ಣು ಎಳೆಯುತ್ತಿತ್ತು. ಕನಸು ಎಲ್ಲಿ ಶುರುವಾಯಿತು, ಚಪ್ಪರ ಎಲ್ಲಿ ಮುಗಿಯಿತು ಎಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಆದ್ದರಿಂದ ನಾನು ಹೇಳುವುದರಲ್ಲಿ ಒಂದೆರಡು ಮಾತು ಕನಸಿನ ಕಡೆಯದು ಸೇರಿಕೊಂಡಿದ್ದರೆ ಕ್ಷಮಿಸಿಬಿಡಿ.

ಈಗ ರಾಮನಗರ ಎನ್ನುವ ಊರಿಗೆ ಆಗ ಕ್ಲೋಸ್‌ಪೇಟೆ ಎಂಬ ಹೆಸರು. ಕನಕಪುರಕ್ಕೆ ಕಾನಕಾನಹಳ್ಳಿ. ಮೈಸೂರಿನಲ್ಲಿ ಮಹಾರಾಜರು, ಬೆಂಗಳೂರು ದಂಡಿನಲ್ಲಿ ಬಿಳಿಯ ಸಿಪಾಯಿಗಳು, ನಡುವೆ ನಮ್ಮೂರು. ರೈಲು ಸ್ಟೇಷನ್ನಿನ ರಸ್ತೆಯಲ್ಲಿ ಅಪ್ಪನ ಅಂಗಡಿ. ಹಗ್ಗ, ಗೋಣಿಚೀಲ, ಎತ್ತಿನ ಮೂಗುದಾರ, ಇಂಥವೇ ಸಾಮಾನು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಿನಲ್ಲಿ ಹೊಂಗೆಮರಗಳು, ಅದರಾಚೆ ಬಂಡೆಗಳು. ಚಳಿಗಾಲದ ಬೆಳಿಗ್ಗೆ ಮಂಜು ಇಳಿದಾಗ ಬಂಡೆಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಬುಡ ಎಲ್ಲೋ ಹೋಗಿರುತ್ತಿತ್ತು. ನಾನು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ಬಿಸಿಲು ಬಂದು ಬುಡವನ್ನು ವಾಪಸು ತರುವವರೆಗೂ ಕಾಯುತ್ತಿದ್ದೆ. ಅದನ್ನೇ ನಾನು ಕೆಲಸ ಎಂದುಕೊಂಡಿದ್ದೆ. ಅಜ್ಜಿ ಹಾಗೆ ಅಂದುಕೊಂಡಿರಲಿಲ್ಲ.

ದಂಡಿನ ದೊರೆಗಳು ಶಿಕಾರಿಗೆಂದು ನಮ್ಮೂರಿಗೆ ಬರುತ್ತಿದ್ದರು. ಊರಾಚೆಯ ಬಂಗಲೆಯಲ್ಲಿ ಇಳಿದುಕೊಂಡು, ಮೊಲ, ನರಿಗಳ ಹಿಂದೆ ನಾಯಿ ಬಿಡುತ್ತಿದ್ದರು. ಆ ನಾಯಿಗಳೇ ಸೀಮೆನಾಯಿಗಳು. ಗ್ರೇಹೌಂಡು ಎಂದು ಬಂಗಲೆಯ ಬಟ್ಲರ್ ಅಂತೋಣಿ ಹೇಳುತ್ತಿದ್ದ. ಕಡ್ಡಿಯಂಥ ಕಾಲು, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಉದ್ದನೆಯ ಮೂತಿ. ಬಯಲಿನಲ್ಲಿ ಓಡಲು ಹುಟ್ಟಿದ ಜಾತಿ ಅದು. ನಮ್ಮೂರಿನಲ್ಲಿ ಬಯಲು ಎಲ್ಲಿದೆ? ಹತ್ತು ಮಾರು ಓಡಿದರೆ ಬಂಡೆ. ಹಾಗಾಗಿ ಪ್ರತಿ ಶಿಕಾರಿಯಲ್ಲೂ ಒಂದಲ್ಲ ಒಂದು ನಾಯಿ ಕಾಲು ಮುರಿದುಕೊಳ್ಳುತ್ತಿತ್ತು. ಕಾಲು ಮುರಿದ ನಾಯಿಗೆ ಗುಂಡು ಹಾಕಿಬಿಡುವುದು ದೊರೆಗಳ ಪದ್ಧತಿ. ಅದು ಅವರಿಗೆ ದಯೆಯೇ ಇರಬಹುದು, ನಾನು ಬೇರೆಯವರ ಪದ್ಧತಿಯ ತಂಟೆಗೆ ಹೋಗುವವಳಲ್ಲ.

ಒಂದು ಸಾಯಂಕಾಲ ಅಂತೋಣಿ ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತ. ತೋಳಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ನಾಯಿ. ಹಿತ್ತಲಿನಲ್ಲಿ ಹೊಂಗೆ ಬೀಜ ಆಯುತ್ತಿದ್ದವಳು ನಂಜತ್ತೆ, ಅಪ್ಪನ ಅಕ್ಕ.

"ಅಮ್ಮಾ, ದೊರೆ ಇದಕ್ಕೆ ಗುಂಡು ಹಾಕು ಅಂತ ಹೇಳಿ ರೈಲು ಹತ್ಬಿಟ್ರು. ನಾನು ಕೋಳಿ ಕೂಡ ಕಣ್ಣು ಮುಚ್ಚಿ ಕುಯ್ಯೋನು. ಏನ್ ಮಾಡ್ಲಿ?"

ನಂಜತ್ತೆ ಗೋಣಿಯನ್ನು ಸರಿಸಿ ನೋಡಿದಳು. ನಾಯಿ ಕೂಗಲಿಲ್ಲ, ನರಳಲಿಲ್ಲ. ದೊಡ್ಡ ಕಣ್ಣು ಬಿಟ್ಟು ಅವಳನ್ನೇ ನೋಡಿತು. ನಂಜತ್ತೆಯೂ ಉದ್ದಕ್ಕೆ, ಸಣ್ಣಗೆ, ನೀಳ ಕುತ್ತಿಗೆಯ ಹೆಂಗಸು. ಅವಳ ಕಣ್ಣೂ ಹಾಗೇ ದೊಡ್ಡವು. ನೋಡಿದರೆ ಒಂದೇ ಮನೆತನದವರು ಅನ್ನಬೇಕು ಎಂದು ನಮ್ಮವ್ವ ಆಮೇಲೆ ಎಷ್ಟೋ ಸಲ ಹಾಸ್ಯ ಮಾಡುತ್ತಿದ್ದಳು.

"ಇಲ್ಲೇ ಬುಟ್ಟು ಹೋಗು" ಎಂದಳು ನಂಜತ್ತೆ.

ಬಿದಿರು ದಬ್ಬೆ ಸೀಳಿ, ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಬಟ್ಟೆಗೆ ಮೆತ್ತಿ ಕಾಲು ಕಟ್ಟಿದಳು. ಮೂಳೆ ಕಟ್ಟುವವರು ಮೊಟ್ಟೆಯ ಬಿಳಿಯನ್ನೂ ಸೇರಿಸುತ್ತಾರಂತೆ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಮಾತು ಎತ್ತುವ ಹಾಗಿಲ್ಲ. ಬರೀ ಉದ್ದಿನಲ್ಲೇ ಕಾಲು ಕೂಡಿತು, ಒಸಿ ಸೊಟ್ಟಗೆ. ಅಲ್ಲಿಂದ ಅಂತೋಣಿಗೆ ದಾರಿ ಸಿಕ್ಕಿದಂತಾಯಿತು. ಕಾಲು ಮುರಿದದ್ದು, ಕಜ್ಜಿ ಹತ್ತಿದ್ದು, ಹಂದಿ ತಿವಿದದ್ದು ಎಲ್ಲ ನಮ್ಮ ಬೇಲಿಗೆ ಬಂದವು. ಜರ್ಮನಿ ಯುದ್ಧ ಶುರುವಾಗಿ ದಂಡಿನ ದೊರೆಗಳು ಹಡಗು ಹತ್ತಿದಾಗಂತೂ, ಮೈಯಲ್ಲಿ ಏನೂ ರೋಗವಿಲ್ಲದ ನಾಯಿಗಳೂ ಬಂದವು. ಅವಕ್ಕೆ ಇದ್ದ ರೋಗ ಒಂದೇ. ಅವು ಊಟ ಬಿಟ್ಟು ರೈಲಿನ ಕೂಗಿಗೆ ಕಿವಿ ನಿಮಿರಿಸಿ ಕೂರುತ್ತಿದ್ದವು. ಆ ರೋಗಕ್ಕೆ ನಂಜತ್ತೆಯ ಹತ್ತಿರವೂ ಮದ್ದಿರಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು, ಅಷ್ಟೆ.

ಕಜ್ಜಿಗೆ ಹೊಂಗೆ ಎಣ್ಣೆಯಲ್ಲಿ ಗಂಧಕ ಕಾಯಿಸಿ ಹಚ್ಚುವುದು. ಗಾಯದಲ್ಲಿ ಹುಳ ಬಿದ್ದರೆ ಬಂಡೆ ಸಂದಿನಲ್ಲಿ ತಾನಾಗಿ ಬೆಳೆದ ಸೀತಾಫಲದ ಎಲೆ ಅರೆದು ತುಂಬುವುದು. ಎಲ್ಲ ಮುಗಿದ ಮೇಲೆ, ತನ್ನ ಲಿಂಗಪೂಜೆಯ ವಿಭೂತಿ ಗಟ್ಟಿಯಿಂದ ಅವುಗಳ ಹಣೆಗೂ ಒಂದು ಗೆರೆ ಎಳೆಯುವುದು. "ನಾಯ್ಗೆ ಈಬತ್ತಿ ಬಳಿತೀಯಲ್ಲೇ, ನಿಂಗೇನು ಬುದ್ಧಿಗಿದ್ದಿ ಐತಾ?" ಎಂದು ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಹಣೆಯ ಮೇಲೆ ಬಿಳಿ ಗೆರೆ ಹೊತ್ತ ವಿಲಾಯತಿ ನಾಯಿ, ನಮ್ಮ ಮಠದ ಅಯ್ಯನವರಿಗಿಂತ ಗಂಭೀರವಾಗಿ ಕೂತಿರುತ್ತಿತ್ತು.

ಊಟದ್ದು ದೊಡ್ಡ ಪಂಚಾಯಿತಿ. "ಮಾಂಸ ಇಲ್ದೆ ಇವು ಬದುಕಲ್ಲಮ್ಮ" ಎಂದ ಅಂತೋಣಿ. "ಈ ಮನೆ ಬಾಗ್ಲಲ್ಲಿ ಆ ಮಾತು ಆಡ್ಬ್ಯಾಡ" ಎಂದಳು ಅಜ್ಜಿ. ಕೊನೆಗೆ ರಾಗಿಮುದ್ದೆ, ಹುರುಳಿಕಟ್ಟು ಎಂದು ತೀರ್ಮಾನವಾಯಿತು. ಮೊದಲ ದಿನ ಮೂಸಿ ನೋಡಿ ಮುಖ ತಿರುಗಿಸಿದವು. ಮಾರನೆಯ ದಿನ ಹಸಿವು ಗೆದ್ದಿತು. ಆಗ ಒಂದು ಅದ್ಭುತ ನಡೆಯಿತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ನಮ್ಮೂರಿಗೆ ಬಂದ ಎಷ್ಟೋ ಮಂದಿ ವರ್ಷಗಟ್ಟಲೆ ಕಲಿಯುವುದಿಲ್ಲ. ಆ ನಾಯಿಗಳು ಯಾರೂ ಹೇಳಿಕೊಡದೆ ಗುಳುಂ ಎನ್ನಿಸಿದವು. ಅಂದಿನಿಂದ ಅಜ್ಜಿಗೆ ಅವುಗಳ ಮೇಲೆ ಸ್ವಲ್ಪ ಗೌರವ ಬಂತು. ಅಂತೋಣಿ ವಾರಕ್ಕೊಮ್ಮೆ ಅವನ್ನು ಬಂಗಲೆಯ ಕಡೆ "ತಿರುಗಾಡಿಸೋಕೆ" ಕರೆದೊಯ್ಯುತ್ತಿದ್ದ. ವಾಪಸು ಬಂದಾಗ ಅವು ತುಟಿ ನೆಕ್ಕಿಕೊಳ್ಳುತ್ತಿದ್ದವು. ಅಜ್ಜಿ ಏನೂ ಕೇಳದೆ ಬಾಗಿಲಿಗೆ ಸಗಣಿ ನೀರು ಚಿಮುಕಿಸುತ್ತಿದ್ದಳು.

ಬೇಸಿಗೆಯಲ್ಲಿ ಕೆರೆ ಒಣಗಿದಾಗ, ಹೊತ್ತು ಮೂಡುವ ಮೊದಲು ನಂಜತ್ತೆ ವಾಸಿಯಾದ ನಾಯಿಗಳನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ನಾನು ನಿದ್ದೆಗಣ್ಣಿನಲ್ಲಿ ಅವಳ ಸೆರಗು ಹಿಡಿದು ನಡೆಯುತ್ತಿದ್ದೆ. ಊರಿಗೆಲ್ಲ ಅದೊಂದೇ ಬಯಲು. ಕೊರಳಿನ ಹಗ್ಗ ಬಿಚ್ಚಿದ ಕೂಡಲೇ ಅವು ಹೊರಡುತ್ತಿದ್ದವು. ಸದ್ದೇ ಇಲ್ಲ. ನೆಲ ಮುಟ್ಟುತ್ತಿದ್ದವೋ ಇಲ್ಲವೋ. ಮಸುಕು ಬೆಳಕಿನಲ್ಲಿ ಉದ್ದನೆಯ ನೆರಳೊಂದು ಈ ಏರಿಯಿಂದ ಆ ಏರಿಗೆ ಹರಿದು ಹೋದ ಹಾಗೆ ಕಾಣುತ್ತಿತ್ತು. ಸೊಟ್ಟಗಾಲಿನದು ಕೂಡ ತನ್ನ ಕಾಲು ಸೊಟ್ಟ ಎಂಬುದನ್ನು ಮರೆತು ಓಡುತ್ತಿತ್ತು. ನಂಜತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತಟ್ಟಿ ನಗುತ್ತಿದ್ದಳು. ಅವಳು ಬಾಯಿ ತುಂಬ ನಗುತ್ತಿದ್ದುದು ಆ ಕೆರೆಯಂಗಳದಲ್ಲಿ ಮಾತ್ರ. ಮನೆಗೆ ಬಂದ ಮೇಲೆ ಆ ನಗು ಎಲ್ಲಿಗೆ ಹೋಗುತ್ತಿತ್ತೋ ನನಗೆ ಆಗ ತಿಳಿಯುತ್ತಿರಲಿಲ್ಲ.

ನಂಜತ್ತೆಯನ್ನು ಕಾನಕಾನಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಪ್ಲೇಗಿನಲ್ಲಿ ಹೋದ. ಮಕ್ಕಳಿಲ್ಲ. ತವರಿಗೆ ಬಂದಳು. ಗಂಡ ಸತ್ತವಳಿಗೆ ಸೂತಕವಿಲ್ಲ, ಲಿಂಗ ಕಟ್ಟಿದ ಮೇಲೆ ಎಲ್ಲರೂ ಒಂದೇ ಎಂದು ನಮ್ಮ ಶರಣರು ಹೇಳಿದ್ದಾರೆ. ಶರಣರು ಏನೇ ಹೇಳಿರಲಿ, ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಅಜ್ಜಿ ಹೇಳಿದ್ದು. ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಬಸುರಿಯನ್ನು ಕರೆತರುವಾಗ, ಬಾಣಂತಿಯನ್ನು ವಾಪಸು ಕಳಿಸುವಾಗ ಮಡಿಲು ತುಂಬುತ್ತಾರಲ್ಲ, ಅದರ ಅಕ್ಕಿ ಕೇರುವವಳು ನಂಜತ್ತೆ. ಕಲ್ಲು, ನೆಲ್ಲು ಒಂದೂ ಉಳಿಯದಂತೆ ಆರಿಸುವವಳು ಅವಳು. ಕೊಬ್ಬರಿ ಗಿಟುಕು, ಬೆಲ್ಲದಚ್ಚು, ಅರಿಸಿನದ ಕೊಂಬು, ಎಲೆ ಅಡಿಕೆ ಎಲ್ಲ ಮೊರದಲ್ಲಿ ಜೋಡಿಸಿ ಕೊಡುವವಳೂ ಅವಳೇ. ಆದರೆ ಹುಡುಗಿ ಬಂದು ಸೆರಗೊಡ್ಡಿ ನಿಂತಾಗ ಅಜ್ಜಿ, "ನಂಜೀ, ನೀನು ಒಳಕ್ಕೆ ನಡಿ" ಎನ್ನುತ್ತಿದ್ದಳು. ತುಂಬುವವಳು ನಮ್ಮವ್ವ, ಇಲ್ಲವೇ ನೆರೆಮನೆಯ ಮುತ್ತೈದೆ.

ಅಜ್ಜಿಯೂ ಗಂಡನನ್ನು ಕಳೆದುಕೊಂಡವಳೇ. ಅಜ್ಜ ತೀರಿಕೊಂಡ ಮೇಲೆ ಅವಳೂ ಯಾರ ಮಡಿಲಿಗೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ಬೇರೆಯವರಿಗೆ ಹೇಳಿ ತಾನು ಮೀರುವ ಜಾತಿಯ ಹೆಂಗಸಲ್ಲ ಅವಳು.

ನಂಜತ್ತೆಗೆ ಬೇರೆ ಯಾವ ಆಸೆಯೂ ಇದ್ದಂತೆ ನಾನು ಕಾಣೆ. ಒಳ್ಳೆಯ ಸೀರೆ ಬೇಡ, ಜಾತ್ರೆ ಪೇಟೆ ಬೇಡ. ಒಂದು ಸಲ, ಒಬ್ಬ ಹುಡುಗಿಯ ಮಡಿಲಿಗೆ ತಾನು ಆರಿಸಿದ ಅಕ್ಕಿಯನ್ನು ತನ್ನ ಕೈಯಾರೆ ಸುರಿಯಬೇಕು. ಅದೊಂದೇ. ನನ್ನ ದೊಡ್ಡಕ್ಕನನ್ನು ಗಂಡನ ಮನೆಗೆ ಕಳಿಸಿದ ದಿನ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದಳು. ಅವ್ವನ ಬೊಗಸೆ ಎದ್ದಾಗ ಇವಳ ಬೊಗಸೆಯೂ ಏಳುತ್ತಿತ್ತು, ಬರಿಗೈ. ನಾನು ಅವಳ ಹಿಂದೆಯೇ ನಿಂತಿದ್ದೆ. ನನಗೆ ಆಗ ಅಳು ಬಂದಿತ್ತು, ಅಕ್ಕ ಹೋಗುತ್ತಾಳೆಂದು ಅಳುತ್ತಿದ್ದೇನೆ ಎಂದು ಎಲ್ಲರೂ ಸಮಾಧಾನ ಮಾಡಿದರು.

ಮೊದಲ ನಾಯಿಯನ್ನು, ಆ ಸೊಟ್ಟಗಾಲಿನ ಹೆಣ್ಣನ್ನು, ಚನ್ನಪಟ್ಟಣದ ಬಣ್ಣದ ಗೊಂಬೆ ಮಾಡುವ ಸಾಬರೊಬ್ಬರು ಕೇಳಿದರು. ಅಪ್ಪನಿಗೆ ಪರಿಚಯದವರು. ಎಲ್ಲ ನಾಯಿಗಳನ್ನೂ ನಾವೇ ಇಟ್ಟುಕೊಂಡು ಸಾಕಲು ಆಗುತ್ತದೆಯೇ? ಕೊಡುವುದೆಂದಾಯಿತು. ಕೊಡುವ ದಿನ ನಂಜತ್ತೆ ಕಾಣಲಿಲ್ಲ. ಹುಡುಕಿಕೊಂಡು ಕೊಟ್ಟಿಗೆಯ ಹಿಂದೆ ಹೋದರೆ, ನಾಯಿಯ ಮುಂದೆ ಮಂಡಿಯೂರಿ ಕೂತಿದ್ದಾಳೆ. ಅರಿಸಿನದ ಬಟ್ಟೆಯ ಎರಡು ತುದಿ ನಾಯಿಯ ಕೊರಳಿಗೆ ಕಟ್ಟಿ, ಇನ್ನೆರಡು ತುದಿಯನ್ನು ನನಗೆ ಹಿಡಿಯಲು ಹೇಳಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಒಂದೊಂದಾಗಿ ತುಂಬಿದಳು. ಮಡಿಲು ಎಂದರೇನೆಂದು ನಾಯಿಗೆ ಗೊತ್ತಿರಲಿಲ್ಲ, ಬೆಲ್ಲ ಎಂದರೇನೆಂದು ಗೊತ್ತಿತ್ತು. ನಾವು ಗಂಟು ಹಾಕುವಷ್ಟರಲ್ಲಿ ಅದು ಬೆಲ್ಲವನ್ನು ಮುಗಿಸಿ ಕೊಬ್ಬರಿಗೆ ಬಾಯಿ ಹಾಕಿತ್ತು.

ಅಷ್ಟರಲ್ಲಿ ಅಜ್ಜಿ ಬಂದಳು. ನಾನು ಬಟ್ಟೆಯ ತುದಿ ಬಿಟ್ಟು ಹುಲ್ಲಿನ ಮೆದೆಯ ಹಿಂದೆ ಅಡಗಿದೆ, ನನ್ನ ಧೈರ್ಯ ಅಷ್ಟೇ. ಅಜ್ಜಿ ನಾಯಿಯನ್ನು ನೋಡಿದಳು, ಚೆಲ್ಲಿದ ಅಕ್ಕಿಯನ್ನು ನೋಡಿದಳು, ಮಗಳನ್ನು ನೋಡಿದಳು.

"ಏನೇ ಇದು?"

"ಹೋಯ್ತಾ ಐತಲ್ಲವ್ವ. ಬರಿ ಮಡ್ಲಲ್ಲಿ ಕಳ್ಸಕ್ಕೆ ಮನ್ಸು ಬರ್ನಿಲ್ಲ."

ಅಜ್ಜಿ ಮನೆಯ ಕಡೆ ತಿರುಗಿದಳು. ಆಮೇಲೆ, "ನಾಯ್ಗೆ ತಾನೆ, ಸಾಯ್ಲಿ ಬುಡು" ಎಂದು ಹೊರಟುಹೋದಳು.

ಆ ಒಂದು ಮಾತಿನಿಂದ ನಂಜತ್ತೆಗೆ ಅಪ್ಪಣೆ ಸಿಕ್ಕಿದಂತಾಯಿತು. ನಾಯಿಗೆ ತಾನೆ! ಅಲ್ಲಿಂದ ಮುಂದೆ ನಮ್ಮ ಮನೆಯಿಂದ ಯಾವ ಹೆಣ್ಣು ಸೀಮೆನಾಯಿಯೂ ಬರಿ ಮಡಿಲಲ್ಲಿ ಹೋಗಲಿಲ್ಲ. ತಿಂಗಳೊಪ್ಪತ್ತಿಗೆ ಹೋಗಿ ನೋಡಿಕೊಂಡು ಬರುವುದೂ ಸೇರಿಕೊಂಡಿತು. ಚನ್ನಪಟ್ಟಣಕ್ಕೆ ನಾನೂ ಜೊತೆ ಹೋಗಿದ್ದೆ. ಸಾಬರು ಬಿಲ್ಲಿನಿಂದ ಮರದ ತುಂಡನ್ನು ಗರಗರ ತಿರುಗಿಸಿ ಅರಗಿನ ಬಣ್ಣ ಒತ್ತುತ್ತಿದ್ದರು. ನಮ್ಮ ನಾಯಿ ಹೊಟ್ಟಿನ ರಾಶಿಯ ಮೇಲೆ ಮಲಗಿ, ಮೂತಿಯ ಒಂದು ಪಕ್ಕ ಕೆಂಪು, ಒಂದು ಪಕ್ಕ ಹಳದಿ ಮಾಡಿಕೊಂಡು ಕನಸು ಕಾಣುತ್ತಿತ್ತು. ಬಾಗಿಲಿಂದ ಬಿದ್ದ ಬಿಸಿಲಿನಲ್ಲಿ ಮರದ ಧೂಳು ತೇಲುತ್ತಿತ್ತು. ನಾನೂ ಅಲ್ಲೇ ಗೋಡೆಗೆ ಒರಗಿ ಒಂದು ನಿದ್ದೆ ತೆಗೆದೆ. ಹೊರಡುವಾಗ ಅವರು ನನಗೊಂದು ಮರದ ಸೀಮೆನಾಯಿ ಕೊಟ್ಟರು. ವಾಪಸು ಬರುವ ರೈಲಿನಲ್ಲಿ ನಾನೇ ಅದರ ಮೇಲೆ ಕೂತು ಕಾಲು ಮುರಿದೆ. ಅದಕ್ಕೆ ಯಾವ ಉದ್ದಿನ ಹಿಟ್ಟೂ ಹತ್ತಲಿಲ್ಲ.

ಇಷ್ಟೆಲ್ಲ ಸುತ್ತಾಡಿ ಈಗ ಸಣ್ಣಕ್ಕನ ಹತ್ತಿರ ಬಂದೆ. ಅವಳು ಬೂದಿ ಬಣ್ಣದವಳು, ಬಿಸಿಲು ಬಿದ್ದರೆ ನೀಲಿ ಕಾಣುವವಳು. ಮೈಯೆಲ್ಲ ಕಜ್ಜಿಯಾಗಿ ಕೂದಲೇ ಇಲ್ಲದೆ ಬಂದಿದ್ದಳು. ನಂಜತ್ತೆ ದಿನಾ ಎಣ್ಣೆ ತಿಕ್ಕಿ ಮೈ ತುಂಬಿಸಿದ್ದಳು. ಎಷ್ಟು ಸಣ್ಣಗಿದ್ದಳೆಂದರೆ ಅವ್ವನೇ ಆ ಹೆಸರಿಟ್ಟಳು. "ನಾಯ್ನ ಅಕ್ಕ ಅಂತೀರಲ್ರೇ" ಎಂದು ಗೊಣಗಿದ ಅಜ್ಜಿಯೂ ಕೊನೆಗೆ, "ಸಣ್ಣಕ್ಕಂಗೆ ಹಾಕುದ್ರೇನ್ರೇ ಮುದ್ದೆ?" ಎಂದು ಕೇಳುವ ಹಂತಕ್ಕೆ ಬಂದಿದ್ದಳು. ನನ್ನ ಮಧ್ಯಾಹ್ನಗಳಲ್ಲಿ ನನ್ನ ತಲೆದಿಂಬು ಅವಳೇ.

ಅವಳನ್ನು ಕೇಳಿಕೊಂಡು ಬಂದವರು ಮಾಗಡಿಯಾಚೆ ಸೋಲೂರಿನ ಕಡೆಯ ತಿಮ್ಮೇಗೌಡರು ಮತ್ತು ಅವರ ಹೆಂಡತಿ ಹೊನ್ನಮ್ಮ. ಹಗ್ಗ ಕೊಳ್ಳಲು ಅಂಗಡಿಗೆ ಬಂದವರು ಹಿತ್ತಲಿನಲ್ಲಿ ಸಣ್ಣಕ್ಕನನ್ನು ಕಂಡರು. ಅವರ ಹೊಲದ ಅವರೆಯನ್ನು ಮೊಲಗಳು ಚಿಗುರಲ್ಲೇ ಮೇಯುತ್ತಿದ್ದವಂತೆ. ನಂಜತ್ತೆ ಅವರನ್ನು ಜಗಲಿಯ ಮೇಲೆ ಕೂರಿಸಿ, ಹೆಣ್ಣು ಕೊಡುವವರು ವಿಚಾರಿಸುವ ಹಾಗೆ ವಿಚಾರಿಸಿದಳು. ಮನೆಯಲ್ಲಿ ಕರೆಯುವ ಹಸು ಎಷ್ಟು? ನೀರು ದೂರವೋ? ಮನೆಯ ಯಜಮಾನರಿಗೆ ಕೋಪ ಹೆಚ್ಚೋ?

"ಕ್ವಾಪ ನಂಗಿಲ್ಲ ಕಣ್ರಮ್ಮ, ಇವ್ಳಿಗೈತೆ" ಎಂದರು ತಿಮ್ಮೇಗೌಡರು.

"ಮಾತ್ಗೆ ಮುಂಚೆ ಕ್ವಾಪ, ಹೊಟ್ಟೆಗ್ ಮಾತ್ರ ಕಮ್ಮಿ ಮಾಡಾಕಿಲ್ಲ" ಎಂದಳು ಹೊನ್ನಮ್ಮ.

ನಂಜತ್ತೆಗೆ ಉತ್ತರ ಒಪ್ಪಿಗೆಯಾಯಿತು. ಮಡಿಲು ತುಂಬಿದಳು. ಬೇರೆಯವರು ಈ ಮಡಿಲಕ್ಕಿಯನ್ನು ನೋಡಿ ನಗುತ್ತಿದ್ದರು. ಹೊನ್ನಮ್ಮ ನಗಲಿಲ್ಲ. ಅರಿಸಿನದ ಗಂಟನ್ನು ನೋಡಿ ಕೈ ಮುಗಿದು, "ಆಯ್ತು ಕಣ್ರವ್ವ, ನಮ್ಮನೆ ಮಗ್ಳಂಗೆ ನೋಡ್ಕತೀವಿ" ಎಂದು ಗಾಡಿ ಹತ್ತಿದಳು. ಸಣ್ಣಕ್ಕ ಗಾಡಿಯ ಹುಲ್ಲಿನ ಮೇಲೆ ನಿಂತು, ಗಾಡಿ ಬಂಡೆಯ ತಿರುವಿನಲ್ಲಿ ಮರೆಯಾಗುವವರೆಗೂ ನಮ್ಮ ಕಡೆಯೇ ನೋಡುತ್ತಿದ್ದಳು. ಆ ಮಧ್ಯಾಹ್ನ ನನಗೆ ನಿದ್ದೆ ಹತ್ತಲಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ದುಃಖ.

ಮಳೆ ಕಳೆದು ರಾಗಿ ತೆನೆ ಬಗ್ಗುವ ಕಾಲಕ್ಕೆ ಅದೇ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಮೇಲೆ ಕಮಾನು ಕಟ್ಟಿ, ಒಳಗೆ ಮೆತ್ತಗೆ ಹುಲ್ಲು ಹಾಸಿದ್ದರು. ಸಣ್ಣಕ್ಕ ಹೊಟ್ಟೆ ದಪ್ಪ ಮಾಡಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಹೊನ್ನಮ್ಮ, ಬೀಸಣಿಗೆ ಹಿಡಿದು. ಮಾಗಡಿಯಲ್ಲಿ ನೆಂಟರ ಮನೆಯಲ್ಲಿ ತಂಗಿ, ಎತ್ತುಗಳನ್ನು ಓಡಿಸದೆ, ಕುಲುಕದಂತೆ ಕರೆತಂದಿದ್ದರು.

ಅಪ್ಪ ಅಂಗಡಿಯಿಂದ ಎದ್ದು ಬಂದ. "ಏನಮ್ಮ, ನಾಯಿ ಬ್ಯಾಡ್ವಾಯ್ತಾ?"

"ಅಯ್ಯೋ, ಬುಡ್ತು ಅನ್ನಿ ಸೋಮಿ" ಎಂದಳು ಹೊನ್ನಮ್ಮ. "ಚೊಚ್ಚಲು. ಮೊದ್ಲ ಹೆರ್ಗೆ ತವರ್ನಲ್ಲಿ ಆಗ್ಬೇಕಲ್ವರಾ? ಮಡ್ಲು ತುಂಬಿ ಕಳ್ಸಿದ್ರಿ. ನಾವೇ ಹೆರ್ಗೆ ಮಾಡ್ಸುದ್ರೆ ನಾಳೆ ನೀವು ಏನಂದ್ಕೊಂಡೀರಿ?"

ಅಪ್ಪ ಅಂಗಡಿಗೆ ವಾಪಸು ಓಡಿದ. ಗೋಣಿಚೀಲದ ರಾಶಿಯ ಹಿಂದೆ ಅವನು ನಗುತ್ತಿದ್ದುದು ಬೀದಿಗೆಲ್ಲ ಕೇಳಿಸಿತು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ನಂಜತ್ತೆ ಒಬ್ಬಳೇ ನಗಲಿಲ್ಲ. ಗಾಡಿಯೊಳಗೆ ತೂರಿ ಸಣ್ಣಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಬಂದ್ಯಾ ನನ್ನವ್ವ, ತವರ್ಗೆ ಬಂದ್ಯಾ" ಎಂದಳು. ತವರು ಎಂಬ ಮಾತನ್ನು ಅವಳು ತನ್ನದು ಎಂಬಂತೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೆರಿಗೆ ಸುಲಭವಾಗಲಿಲ್ಲ. ಬೆಳಿಗ್ಗೆ ಶುರುವಾದ ನೋವು ಬಿಸಿಲೇರಿದರೂ ಮುಗಿಯಲಿಲ್ಲ. ಸೀಮೆನಾಯಿಯ ಸೊಂಟ ಸಣ್ಣದು. ಸಣ್ಣಕ್ಕ ಕಣ್ಣು ಮೇಲೆ ಮಾಡಿದಳು. ಹೊನ್ನಮ್ಮ ದೇವರಿಗೆ ಹರಕೆ ಹೊರುತ್ತಾ ಹಿತ್ತಲಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ನಂಜತ್ತೆ ಕೈಗೆ ಹರಳೆಣ್ಣೆ ಹಚ್ಚಿಕೊಂಡು, ಸಿಕ್ಕಿಕೊಂಡಿದ್ದ ಮೊದಲ ಮರಿಯನ್ನು ಮೆಲ್ಲಗೆ, ನೋವು ಬಂದಾಗ ಮಾತ್ರ, ಎಳೆದಳು. ಅದು ಬಂತು. ಆಮೇಲೆ ಉಳಿದವು ಒಂದರ ಹಿಂದೆ ಒಂದು ಜಾರಿಬಂದವು. ಸೀಮೆಯ ಉದ್ದನೆ ಕಾಲು, ಸೋಲೂರಿನ ಸುರುಳಿ ಬಾಲ, ಕಂದು ಬಣ್ಣ. "ಪಟೇಲ್ರ ಮನೆ ಕೆಂದ ನಾಯಿದೇ ಬಾಲ" ಎಂದು ಹೊನ್ನಮ್ಮ ಅಳಿಯನನ್ನು ಗುರುತು ಹಿಡಿದಳು. ಬಾಣಂತನವೂ ನಡೆಯಿತು. ಮೆಂತ್ಯದ ಗಂಜಿ, ಮೆಣಸು, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ. ಹೊಗೆ ಹಾಕಲು ಕೆಂಡ ತಂದುಕೊಟ್ಟವಳು ಯಾರು ಗೊತ್ತೇ? ಅಜ್ಜಿ.

ಮರಿಗಳು ಕಣ್ಣು ಬಿಟ್ಟು ಗಟ್ಟಿಯಾದ ಮೇಲೆ ಗಾಡಿ ಬಂತು, ಕರೆದುಕೊಂಡು ಹೋಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗೆಯ ಸಂಗತಿ ಎಂದು ಮೊಮ್ಮಕ್ಕಳಿಗೆ ಹೇಳಿ ಮರೆಯುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಗಾಡಿ ಮತ್ತೆ ಬಂದು ನಿಂತಿತು. ನಂಜತ್ತೆ ಹಿತ್ತಲಿಂದ ಎಣ್ಣೆಗೈಯಲ್ಲೇ ಓಡಿಬಂದಳು. "ಮತ್ತೆ ಬಸ್ರಾದ್ಲಾ ಸಣ್ಣಕ್ಕ?"

"ಅವ್ಳು ಚೆಂದಾಗವ್ಳೆ" ಎಂದಳು ಹೊನ್ನಮ್ಮ. ಅವಳ ಹಿಂದೆ ಗಾಡಿಯಿಂದ ಇಳಿದವಳು ಅವಳ ಸೊಸೆ. ತುಂಬ ಚಿಕ್ಕ ಹುಡುಗಿ, ಏಳು ತುಂಬಿದ ಬಸುರಿ. ಹೆರಿಗೆಗೆಂದು ಚನ್ನಪಟ್ಟಣದ ಕಡೆಯ ತವರಿಗೆ ಹೊರಟಿದ್ದಳು. ಹಿಂದೆ ಹೆತ್ತ ಕೂಸುಗಳು ಒಂದೂ ಉಳಿದಿರಲಿಲ್ಲವಂತೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಈ ಸಲ ಅವಳ ಮಗು ಉಳಿಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೇಳುವವರನ್ನು ಹೆದರಿಸಿ ಕೂರಿಸುವ ವಿದ್ಯೆ ನನಗೆ ಬರುವುದಿಲ್ಲ. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ.

ಹೊನ್ನಮ್ಮ ನಂಜತ್ತೆಯ ಮುಂದೆ ಕೈ ಮುಗಿದಳು. "ಅಮ್ಮಾವ್ರೆ, ನೀವು ಈ ಮಗೀಗೆ ಮಡ್ಲು ತುಂಬ್ಬೇಕು. ಅದಕ್ಕೇಂತ್ಲೇ ಗಾಡಿ ನಿಲ್ಸಿವ್ನಿ."

ನಂಜತ್ತೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಬ್ಯಾಡವ್ವ. ನಾನು ತುಂಬೋ ಹಂಗಿಲ್ಲ. ನಮ್ಮ ತಮ್ಮನ ಹೆಂಡ್ತಿ ತುಂಬ್ತಾಳೆ."

"ನಂಗ್ ಗೊತ್ತಿಲ್ವಾ?" ಎಂದಳು ಹೊನ್ನಮ್ಮ. "ಮುತ್ತೈದೇರು ತುಂಬಿದ್ ಮಡ್ಲೇ ಎಲ್ಡು ಸತಿ ಬರಿದಾಯ್ತು ಕಣ್ರವ್ವ. ನೀವು ತುಂಬಿ ಕಳ್ಸಿದ್ ಯಾವ ಜೀವ್ವೂ ಕೆಟ್ಟಿಲ್ಲ, ನಾನು ವಿಚಾರ್ಸಿವ್ನಿ. ಸಾಯೋ ಜೀವ ಉಳ್ಸಿದ್ ಕೈ ಇದು. ಇದ್ಕಿಂತ ಒಳ್ಳೇ ಕೈ ಎಲ್ ಹುಡಿಕ್ಲಿ?"

ನಂಜತ್ತೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಹೊಸಿಲಿನ ಮೇಲೆ ನಿಂತಿದ್ದಳು. ನಾಯಿಗೆ ತಾನೆ ಎನ್ನಲು ಇದು ನಾಯಿಯಲ್ಲ. ನಂಜತ್ತೆಯ ಮುಖದಲ್ಲಿ ಆಸೆ ಎಷ್ಟಿತ್ತೋ ಹೆದರಿಕೆಯೂ ಅಷ್ಟೇ ಇತ್ತು. ಈ ಸಲವೂ "ಒಳಕ್ಕೆ ನಡಿ" ಎಂದಿದ್ದರೆ ಅವಳು ಎಂದಿನಂತೆ ಒಳಕ್ಕೆ ಹೋಗಿಬಿಡುತ್ತಿದ್ದಳು, ಮತ್ತೆ ಆ ಕೆರೆಯಂಗಳದಲ್ಲೂ ನಗುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಆ ಹುಡುಗಿ ಯಾರ ಅಪ್ಪಣೆಗೂ ಕಾಯಲಿಲ್ಲ. ನಂಜತ್ತೆಯ ಎದುರು ಬಂದು ಸೆರಗೊಡ್ಡಿ ನಿಂತಳು.

"ಎಣ್ಣೆ ಕೈ ತೊಳ್ಕಾ ಹೋಗೇ ನಂಜೀ" ಎಂದಳು ಅಜ್ಜಿ. "ಬಸ್ರಿ ಎಷ್ಟೊತ್ತು ನಿಂತಾಳು?"

ಅವ್ವ ಮೊರ ತಂದಳು. ನಂಜತ್ತೆ ಬೊಗಸೆ ತುಂಬಿಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಕ್ಕಿ ಸುರಿದಳು, ಬೆಲ್ಲವಿಟ್ಟಳು, ಕೊಬ್ಬರಿ, ಎಲೆ, ಅಡಿಕೆ, ಅರಿಸಿನದ ಕೊಂಬು. ಮತ್ತೆ ಅಕ್ಕಿ. ಹುಡುಗಿಯ ಸೆರಗು ಭಾರಕ್ಕೆ ಇಳಿಬಿದ್ದಿತು. ಸಾಕು ಎಂದು ಯಾರೂ ಹೇಳಲಿಲ್ಲ, ನಂಜತ್ತೆ ತಾನೇ ನಿಲ್ಲಿಸಿ ಹುಡುಗಿಯ ತಲೆ ನೇವರಿಸಿದಳು.

ಹುಡುಗಿ ಸೆರಗು ಒಟ್ಟುಮಾಡಿ ಕಟ್ಟಿಕೊಳ್ಳಲು ಹೋದಳು.

"ತಡಿ ಕೂಸೇ" ಎಂದಳು ಅಜ್ಜಿ. ಹೊಸಿಲಿಳಿದು ಬಂದಳು. ಮೊರದ ಮುಂದೆ ನಿಂತು ತನ್ನ ಎರಡೂ ಕೈಗಳನ್ನು ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ಬೊಗಸೆ ಮಾಡಿ, "ನಂದೂ ಒಂದು ಹಿಡಿ ಇರ್ಲಿ" ಎಂದು ಅಕ್ಕಿ ತುಂಬಿಕೊಂಡಳು.